ಮಾನಸಿಕ ಆರೋಗ್ಯ ಸೇವೆಗಳ ಅಧ್ಯಯನದಲ್ಲಿ ಯುವಜನರ ಸಹಭಾಗಿತ್ವ: ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಮಾನ್ಯ ಸದಸ್ಯರ ಗಮನಕ್ಕೆ,

ಯುವಜನರ ಮಾನಸಿಕ ಆರೋಗ್ಯವನ್ನು ಕುರಿತು ಅಧ್ಯಯನ ನಡೆಸಲು ಗ್ರಾಮಕ್ಕೆ ಬರುವ ತಂಡಗಳು ಸಾಮಾನ್ಯವಾಗಿ ಪಂಚಾಯಿತಿಯ ಸಹಕಾರವನ್ನು ಕೋರುತ್ತವೆ. ಅಂತಹ ಅಧ್ಯಯನದಲ್ಲಿ ಯುವಜನರು ಉತ್ತರ ನೀಡುವುದಕ್ಕಷ್ಟೇ ಸೀಮಿತರಾಗದೆ, ಪ್ರಶ್ನೆಗಳನ್ನು ರೂಪಿಸುವುದರಲ್ಲಿಯೂ ಪಾಲ್ಗೊಳ್ಳುವುದು ಅಗತ್ಯ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷ ವಯೋಮಾನದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆ ಇರುವುದನ್ನು ಗುರುತಿಸಿತು. ಇಂತಹ ಅಂಕಿಅಂಶವು ಸಮಸ್ಯೆ ಎಷ್ಟು ಮಂದಿಗಿದೆ ಎಂದು ತಿಳಿಸುತ್ತದೆ. ಅವರು ಚಿಕಿತ್ಸೆಗೆ ಏಕೆ ಬರುವುದಿಲ್ಲ ಎಂದು ತಿಳಿಸುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಲಭ್ಯವಿರುವ ದಿನ ತರಗತಿ ಬಿಟ್ಟು ಬರಲು ಏನು ಕಾರಣ ಹೇಳುವುದು, ಚೀಟಿ ಮಾಡಿಸುವ ಸಾಲಿನಲ್ಲಿ ಊರಿನವರು ಕಂಡರೆ ಏನು ಮಾಡುವುದು, ಹಿಂದಿರುಗಲು ಬಸ್ ಸಿಗುವುದೇ ಎಂಬ ಚಿಂತೆಗಳನ್ನು ಬಲ್ಲವರು ಯುವಜನರೇ. ನೀರು ಹೊರುವವರನ್ನು ಕೇಳದೆ ಕೊಳವೆ ಮಾರ್ಗದ ನಕ್ಷೆ ತಯಾರಿಸಿದರೆ ಆಗುವ ತೊಡಕೇ ಅವರನ್ನು ಕೇಳದ ಅಧ್ಯಯನದಲ್ಲಿಯೂ ಆಗುತ್ತದೆ.

ಇಂತಹ ಹೊಣೆಯನ್ನು ಯುವಜನರು ನಿರ್ವಹಿಸಬಲ್ಲರು. ರಾಜ್ಯದ ಯುವ ಸ್ಪಂದನ ಕಾರ್ಯಕ್ರಮದಲ್ಲಿ ತರಬೇತಿ ಹೊಂದಿದ ಯುವ ಪರಿವರ್ತಕರು ತಮ್ಮ ಓರಗೆಯವರಿಗೆ ಮಾರ್ಗದರ್ಶನ ನೀಡುತ್ತಾರೆ. ಮಕ್ಕಳ ಗ್ರಾಮ ಸಭೆಗಳಲ್ಲಿ ಮಕ್ಕಳು ತಮ್ಮ ಕುಂದುಕೊರತೆಗಳನ್ನು ಮುಂದಿಡುವುದನ್ನು ತಾವೂ ಕಂಡಿದ್ದೀರಿ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಅನುಮೋದನೆ: ಅಧ್ಯಯನಕ್ಕೆ ಸಂಶೋಧನಾ ನೈತಿಕತೆಯ ಸಮಿತಿ ನೀಡಿರುವ ಅನುಮೋದನಾ ಪತ್ರವನ್ನು ಪರಿಶೀಲಿಸುವುದು.

2. ಸಮ್ಮತಿ: ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ, ಸಾಮಾನ್ಯವಾಗಿ 18 ವರ್ಷದೊಳಗಿನವರಿಗೆ ಪೋಷಕರ ಸಮ್ಮತಿ ಬೇಕು, 7 ವರ್ಷ ದಾಟಿದ ಮಕ್ಕಳ ಸ್ವಂತ ಒಪ್ಪಿಗೆಯೂ ಬೇಕು. ಸದಸ್ಯರು ಹೇಳಿದರೆಂಬ ಕಾರಣಕ್ಕೆ ಯಾರೂ ಒಪ್ಪುವಂತಾಗಬಾರದು.

3. ಆಯ್ಕೆ: ಪ್ರಶ್ನೆಗಳನ್ನು ರೂಪಿಸುವ ಯುವಜನರ ಗುಂಪಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಜೊತೆಗೆ ಶಾಲೆ ಬಿಟ್ಟವರು, ಕೂಲಿಗೆ ಹೋಗುವವರು, ಯುವತಿಯರು ಹಾಗೂ ದೂರದ ಹಟ್ಟಿ, ತಾಂಡಾಗಳವರು ಇರಬೇಕು. ಕೂಲಿ ಬಿಟ್ಟು ಬರುವವರಿಗೆ ಭತ್ಯೆ ನೀಡುವಂತೆ ತಂಡವನ್ನು ಕೇಳುವುದು.

4. ಗೋಪ್ಯತೆ: ಮಾತುಕತೆ ನಡೆಯುವ ಕೊಠಡಿಯಲ್ಲಿ ಸದಸ್ಯರು ಅಥವಾ ಸಿಬ್ಬಂದಿ ಇರಬಾರದು, ಉತ್ತರಿಸಿದವರ ಹೆಸರು ಕೇಳಬಾರದು. ಚಿಕಿತ್ಸೆ ಪಡೆಯುವವರಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಗೋಪ್ಯತೆಯ ಹಕ್ಕನ್ನು ನೀಡಿದೆ. ಕೊಠಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಅರಳಿಕಟ್ಟೆಗೆ ತಲುಪಿದರೆ ಒಬ್ಬರ ಓದಿಗೋ ಮದುವೆಯ ಮಾತುಕತೆಗೋ ಧಕ್ಕೆಯಾದೀತು. ನೆರವು ಬೇಕಾದ ಮತ್ತೊಬ್ಬರು ಬಾಯಿ ತೆರೆಯಲಾರರು.

5. ನೆರವು: ಮಾತನಾಡುವಾಗ ಯಾರಾದರೂ ತೀವ್ರವಾಗಿ ನೊಂದರೆ ತಂಡವು ಯಾರಿಗೆ ತಿಳಿಸುತ್ತದೆ ಎಂಬುದು ಮೊದಲೇ ನಿಗದಿಯಾಗಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ. ಈ ಸಂಖ್ಯೆಯನ್ನು ಅರಿವು ಕೇಂದ್ರದಲ್ಲಿ ಪ್ರದರ್ಶಿಸುವುದು.

6. ವರದಿ: ಯಾರನ್ನೂ ಗುರುತಿಸಲಾಗದಂತೆ ಸಿದ್ಧಪಡಿಸಿದ ಕನ್ನಡ ಸಾರಾಂಶವನ್ನು ಗ್ರಾಮ ಸಭೆಯಲ್ಲಿ ಮಂಡಿಸುವಂತೆ ತಂಡದಿಂದ ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯುವುದು.

ಯುವಜನರ ಸಲಹೆಗಳಲ್ಲಿ ಪಂಚಾಯಿತಿ ಮಟ್ಟದಲ್ಲಿಯೇ ಕೈಗೊಳ್ಳಬಹುದಾದವುಗಳನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕಾಗಿ ಕೋರಿದೆ. ತಾವು ಹೇಳಿದ್ದರಿಂದ ಏನಾಯಿತು ಎಂಬುದು ತಿಳಿದಾಗಲೇ ಅವರು ಮುಂದಿನ ಅಧ್ಯಯನಕ್ಕೂ, ಚಿಕಿತ್ಸೆಗೂ ನಂಬಿಕೆಯಿಂದ ಬರುತ್ತಾರೆ.

- ಪಂಚಾಯಿತಿ ಅಭಿವೃದ್ಧಿ ಅಧಿಕಾರಿ