ಹಾಡಿನ ಕೊನೆಗೆ ಒಂದು ಹೆಸರು



ನಿಮಗೆ ಎಷ್ಟು ಹಾಡು ಬರುತ್ತವೆ? ಬೀಸುವಾಗ ಹಾಡಿದ್ದೀರಿ. ಕುಟ್ಟುವಾಗ ಹಾಡಿದ್ದೀರಿ. ತೊಟ್ಟಿಲು ತೂಗುವಾಗ, ಮದುವೆಯಲ್ಲಿ ಸುರಗಿ ಸುತ್ತುವಾಗ, ಗುಳ್ಳವ್ವನ ಮಣ್ಣು ತರುವಾಗ ಹಾಡಿದ್ದೀರಿ. ಎಣಿಸಲು ಕುಂತರೆ ಲೆಕ್ಕ ಸಿಗಲಿಕ್ಕಿಲ್ಲ.

ಈಗ ಇನ್ನೊಂದು ಪ್ರಶ್ನೆ. ಆ ಹಾಡು ಯಾರದು?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಆಯಿ ಬರುತ್ತಾರೆ. ಹಗಲೆಲ್ಲ ಸೀರೆಯ ಮಗ್ಗಕ್ಕೆ ಕಂಡಿಕೆ ಸುತ್ತುತ್ತಾರೆ. ಸಂಜೆ ಪಾಟಿ ಹಿಡಿದು ಬರುತ್ತಾರೆ. ಒಂದು ದಿನ ಕರೆಂಟು ಹೋಯಿತು. ಕತ್ತಲಲ್ಲಿ ಏನು ಓದುವುದು? "ಆಯಿ, ಒಂದು ಹಾಡು ಹೇಳ್ರಿ" ಅಂದೆ. ಆಯಿ ಬೀಸುವ ಹಾಡು ತೆಗೆದರು. ಕರೆಂಟು ಬಂದರೂ ಯಾರೂ ಪುಸ್ತಕ ತೆರೆಯಲಿಲ್ಲ.

ಹಾಡು ಮುಗಿದ ಮೇಲೆ ಕೇಳಿದೆ: "ಇದನ್ನ ಯಾರು ಕಲಿಸಿದ್ರು?"

"ನಮ್ಮವ್ವ ರೀ ಅಕ್ಕೋರ. ಅಕಿಗೆ ಅಕಿ ಅವ್ವ ಕಲಿಸಿದ್ಳಂತ."

"ನಿಮ್ಮ ಅವ್ವನ ಅವ್ವನ ಹೆಸರೇನ್ರಿ?"

ಆಯಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಅಂದರು: "ಎಲ್ಲಾರೂ ದೊಡ್ಡವ್ವ, ದೊಡ್ಡವ್ವ ಅಂತಿದ್ರು. ಹೆಸರು ಯಾರಿಗೆ ನೆನಪೈತಿ?"

ಹಾಡು ಉಳಿದಿತ್ತು. ಹೆಸರು ಹೋಗಿತ್ತು.

ಅವತ್ತಿನಿಂದ ನನಗೆ ಇದೇ ವಿಚಾರ. ಹಾಡಿದ ಹೆಣ್ಣುಮಕ್ಕಳ ಹೆಸರು ಹೇಗೆ ಉಳಿಯುತ್ತದೆ? ಹೇಗೆ ಅಳಿಯುತ್ತದೆ? ಕೆಲವು ಸಂಗತಿ ಗೊತ್ತಾದವು. ನಿಮಗೂ ಹೇಳುತ್ತೇನೆ.

"ನನ್ನ ಹೆಸರು ಗೌಹರ್ ಜಾನ್"

ನೂರಿಪ್ಪತ್ತು ವರ್ಷದ ಹಿಂದಿನ ಮಾತು. ಆಗ ರೇಡಿಯೊ ಇರಲಿಲ್ಲ. ಟಿ.ವಿ. ಇರಲಿಲ್ಲ. ಹಾಡು ಕೇಳಬೇಕಾದರೆ ಹಾಡುವವರ ಎದುರಿಗೇ ಕುಂತು ಕೇಳಬೇಕು. ಅಷ್ಟರಲ್ಲಿ ಗ್ರಾಮಾಫೋನ್ ಎಂಬ ಯಂತ್ರ ಬಂತು. ಅದು ಹಾಡನ್ನು ಹಿಡಿದು ಇಡುವ ಯಂತ್ರ.

1902ರಲ್ಲಿ ವಿದೇಶದ ಒಂದು ಕಂಪನಿಯವರು ಈ ಯಂತ್ರ ಹೊತ್ತು ಕಲ್ಕತ್ತೆಗೆ ಬಂದರು. ಅಲ್ಲಿ ಗೌಹರ್ ಜಾನ್ ಎಂಬ ಹೆಸರಾಂತ ಗಾಯಕಿ ಇದ್ದರು. ನಮ್ಮ ದೇಶದಲ್ಲಿ ಮೊಟ್ಟಮೊದಲು ರೆಕಾರ್ಡಿಗೆ ಹಾಡಿದವರಲ್ಲಿ ಅವರೂ ಒಬ್ಬರು. ಆಗ ಒಂದು ಹಾಡಿಗೆ ಸುಮಾರು ಮೂರು ನಿಮಿಷ ಮಾತ್ರ ಸಿಗುತ್ತಿತ್ತು. ರಾತ್ರಿಯಿಡೀ ಹಾಡುತ್ತಿದ್ದವರು ಮೂರು ನಿಮಿಷದಲ್ಲಿ ಮುಗಿಸಬೇಕು!

ಗೌಹರ್ ಜಾನ್ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಿದ್ದರು. "ನನ್ನ ಹೆಸರು ಗೌಹರ್ ಜಾನ್" ಎಂಬುದೇ ಆ ಮಾತಿನ ಅರ್ಥ. ಇದು ಜಂಬದ ಮಾತಲ್ಲ. ಅದಕ್ಕೆ ಕಾರಣ ಇತ್ತು. ಆ ಕಾರಣ ತಿಳಿಯಬೇಕಾದರೆ ರೆಕಾರ್ಡು ಹೇಗೆ ಆಗುತ್ತಿತ್ತು ಎಂದು ನೋಡಬೇಕು.

ತಟ್ಟೆ ಹಾಡುವುದು ಹೇಗೆ?

ದಪ್ಪು ಬಾರಿಸುವಾಗ ಅದರ ಚರ್ಮದ ಮೇಲೆ ಮೆಲ್ಲಗೆ ಬೆರಳು ಇಟ್ಟು ನೋಡಿ. ಚರ್ಮ ನಡುಗುವುದು ಗೊತ್ತಾಗುತ್ತದೆ. ದನಿ ಎಂದರೆ ನಡುಕ. ನಾವು ಹಾಡುವಾಗ ಗಾಳಿಯೂ ಹೀಗೆಯೇ ನಡುಗುತ್ತದೆ.

ಆಗಿನ ಯಂತ್ರಕ್ಕೆ ಒಂದು ದೊಡ್ಡ ಕಹಳೆ ಇತ್ತು. ಹಾಡುವವರು ಕಹಳೆಯ ಅಗಲ ಬಾಯಿಗೆ ಮುಖ ಮಾಡಿ ಗಟ್ಟಿಯಾಗಿ ಹಾಡಬೇಕು. ಕಹಳೆಯ ಸಣ್ಣ ತುದಿಯಲ್ಲಿ ಒಂದು ತೆಳುವಾದ ಪರದೆ. ಆ ಪರದೆಗೆ ಒಂದು ಮೊನೆ. ಮೊನೆಯ ಕೆಳಗೆ ತಿರುಗುವ ಮೇಣದ ತಟ್ಟೆ. ದನಿಗೆ ಪರದೆ ನಡುಗುತ್ತದೆ. ಪರದೆ ನಡುಗಿದರೆ ಮೊನೆ ನಡುಗುತ್ತದೆ. ಮೊನೆ ಮೇಣದ ಮೇಲೆ ಸಣ್ಣ ಗೆರೆ ಕೊರೆಯುತ್ತದೆ. ನೀವು ಪಾಟಿಯ ಮೇಲೆ ಅಕ್ಷರ ಬರೆಯುತ್ತೀರಲ್ಲ, ಹಾಗೆ ಯಂತ್ರ ಮೇಣದ ಮೇಲೆ ಹಾಡು ಬರೆಯುತ್ತಿತ್ತು.

ಆ ಮೇಣದ ತಟ್ಟೆ ಹಡಗಿನಲ್ಲಿ ಜರ್ಮನಿ ದೇಶದ ಹ್ಯಾನೋವರ್ ಎಂಬ ಊರಿಗೆ ಹೋಗುತ್ತಿತ್ತು. ಅಲ್ಲಿ ಅದರಿಂದ ಲೋಹದ ಅಚ್ಚು ತೆಗೆದು, ಕಪ್ಪು ತಟ್ಟೆಗಳನ್ನು ಒತ್ತುತ್ತಿದ್ದರು. ಆ ಕಪ್ಪು ತಟ್ಟೆಗೆ ಬೇಕಾದ ಮುಖ್ಯ ವಸ್ತು ಏನು ಗೊತ್ತೇ? ಅರಗು! ಬಳೆ ಮಾಡುತ್ತಾರಲ್ಲ, ಅದೇ ಅರಗು. ಗಿಡದ ಟೊಂಗೆಯ ಮೇಲೆ ಕೂರುವ ಸಣ್ಣ ಹುಳ ಅದನ್ನು ಮಾಡುತ್ತದೆ. ಅದು ನಮ್ಮ ದೇಶದಿಂದಲೇ ಹೆಚ್ಚಾಗಿ ಹೋಗುತ್ತಿತ್ತು. ಅರಗಿನ ಬಳೆಯ ಹಾಗೆ ಆ ತಟ್ಟೆಯೂ ಕೈಜಾರಿ ಬಿದ್ದರೆ ಒಡೆಯುತ್ತಿತ್ತು.

ಈಗ ಕಾರಣಕ್ಕೆ ಬರೋಣ. ಹ್ಯಾನೋವರಿನ ಕೆಲಸಗಾರರಿಗೆ ನಮ್ಮ ಭಾಷೆ ಬಾರದು. ನೂರಾರು ತಟ್ಟೆ ಬಂದು ಬಿದ್ದರೆ ಯಾವುದು ಯಾರದು? ಅದಕ್ಕೇ ಹಾಡಿದವರು ಕೊನೆಗೆ ಹೆಸರು ಹೇಳುತ್ತಿದ್ದರು. ತಟ್ಟೆಗೆ ಅಂಟಿಸುವ ಚೀಟಿಯಲ್ಲಿ ಆ ಹೆಸರೇ ಬರುತ್ತಿತ್ತು.

ಗೌಹರ್ ಜಾನ್ ಕಡೆಯ ದಿನಗಳನ್ನು ಕಳೆದದ್ದು ನಮ್ಮ ನಾಡಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯ ಗಾಯಕಿ ಆಗಿದ್ದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆದರೆ ಹಳೆಯ ತಟ್ಟೆಗೆ ಮುಳ್ಳು ಇಟ್ಟರೆ ಇಂದಿಗೂ ಹಾಡು ಕೇಳುತ್ತದೆ. ಹಾಡಿನ ಕೊನೆಗೆ ಅವರ ಹೆಸರೂ ಕೇಳುತ್ತದೆ.

ಹೆಸರು ಬದಲಾದ ಗಂಗೂಬಾಯಿ

ಎಲ್ಲರ ಹೆಸರೂ ಸರಿಯಾಗಿ ಬರಲಿಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಹೆಸರು ನೀವು ಕೇಳಿರಬಹುದು. ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಶಾಲೆ ಕಲಿತದ್ದು ಪ್ರಾಥಮಿಕದವರೆಗೆ ಮಾತ್ರ. ತಾಯಿ ಅಂಬಾಬಾಯಿಯೂ ಹಾಡುವವರೇ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತರು. ಹಾಡುವ ಹೆಣ್ಣು ಎಂದು ಜನ ಹಾದಿಯಲ್ಲಿ ಅಣಕಿಸುತ್ತಿದ್ದರಂತೆ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಹಾಡು ಬೇಕು, ಹಾಡಿದವಳಿಗೆ ಮರ್ಯಾದೆ ಬೇಡ! ಎಂಥ ನ್ಯಾಯ ಇದು?

1930ರ ದಶಕದಲ್ಲಿ ಅವರು ಮುಂಬಯಿಗೆ ಹೋಗಿ ರೆಕಾರ್ಡಿಗೆ ಹಾಡಿದರು. ಮೊದಲ ತಟ್ಟೆಗಳು ಹೊರಬಂದಾಗ ಚೀಟಿಯ ಮೇಲೆ ಗಂಗೂಬಾಯಿ ಎಂದು ಇರಲಿಲ್ಲ. "ಗಾಂಧಾರಿ ಹಾನಗಲ್" ಎಂದು ಇತ್ತು. ದನಿ ಅವರದು, ಹೆಸರು ಕಂಪನಿಯವರು ಇಟ್ಟದ್ದು. ಆದರೆ ಅವರು ಹಾಡುವುದು ಬಿಡಲಿಲ್ಲ. ಮುಂದೆ ಅವರ ಸ್ವಂತ ಹೆಸರೇ ದೇಶಕ್ಕೆಲ್ಲ ಗೊತ್ತಾಯಿತು. 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದದ್ದು ಗಂಗೂಬಾಯಿ ಹಾನಗಲ್ ಅವರಿಗೆ. 2009ರಲ್ಲಿ ಅವರು ತೀರಿಕೊಂಡರು.

ಬೀಳಗಿಯ ಅಮೀರಬಾಯಿ

ಇನ್ನು ನಮ್ಮ ಜಿಲ್ಲೆಯ ಮಗಳ ಮಾತು. ಬೀಳಗಿ ನಮಗೆ ದೂರವಲ್ಲ. ಅಮೀರಬಾಯಿ ಆ ಊರಿನವರು. ಅವರ ಸಹೋದರಿ ಗೋಹರಬಾಯಿ ಮರಾಠಿ ನಾಟಕದಲ್ಲಿ ಹೆಸರು ಮಾಡಿದರು. ಅಮೀರಬಾಯಿ ಮುಂಬಯಿಗೆ ಹೋಗಿ ಸಿನಿಮಾದಲ್ಲಿ ನಟಿಸಿದರು, ಹಾಡಿದರು. 1943ರಲ್ಲಿ "ಕಿಸ್ಮತ್" ಎಂಬ ಹಿಂದಿ ಸಿನಿಮಾ ಬಂತು. ಅದರಲ್ಲಿ ಅಮೀರಬಾಯಿಯ ಹಾಡುಗಳಿದ್ದವು. ಆ ಸಿನಿಮಾ ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು!

ಅವರು ತಮ್ಮ ಹೆಸರಿನ ಮುಂದೆ ಏನು ಸೇರಿಸಿಕೊಂಡರು ಗೊತ್ತೇ? "ಕರ್ನಾಟಕಿ." ಅಮೀರಬಾಯಿ ಕರ್ನಾಟಕಿ. ಆಗ ಬೀಳಗಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ನಮ್ಮ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲು ಬೀಳಗಿಯ ಹೆಣ್ಣುಮಗಳು ಆ ಹೆಸರು ಹೊತ್ತು ದೇಶಕ್ಕೆಲ್ಲ ಹಾಡು ಕೇಳಿಸಿದ್ದಳು. 1965ರಲ್ಲಿ ಅವರು ತೀರಿಕೊಂಡರು. ರಹಮತ್ ತರೀಕೆರೆ ಎಂಬ ಲೇಖಕರು ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆದಿದ್ದಾರೆ. ಓದು ಬಂದ ಮೇಲೆ ನೀವೂ ಅದನ್ನು ಓದಬಹುದು.

ಒಂದು ಮಾತು ಗಮನಿಸಿ. ಗಂಗೂಬಾಯಿ ಹಾನಗಲ್. ಅಮೀರಬಾಯಿ ಕರ್ನಾಟಕಿ. ಶ್ರೀಕೃಷ್ಣ ಪಾರಿಜಾತ ಆಡಿ ಹೆಸರಾದ ಕೌಜಲಗಿ ನಿಂಗಮ್ಮ. ಇವರ ಹೆಸರಿನ ಜೋಡಿ ಇರುವುದು ಗಂಡನ ಹೆಸರಲ್ಲ, ಊರು ನಾಡಿನ ಹೆಸರು.

ಪರದೆಯ ಹಿಂದಿನ ದನಿ

ಸಿನಿಮಾದಲ್ಲಿ ತುಟಿ ಆಡಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು. ಇದು ಈಗ ಎಲ್ಲರಿಗೂ ಗೊತ್ತು. ಮೊದಲು ಹಾಗಿರಲಿಲ್ಲ. 1949ರಲ್ಲಿ "ಮಹಲ್" ಎಂಬ ಹಿಂದಿ ಸಿನಿಮಾ ಬಂತು. ಅದರ ಒಂದು ಹಾಡು ಮನೆಮಾತಾಯಿತು. ರೆಕಾರ್ಡಿನ ಮೇಲೆ ಹಾಡಿದವರ ಹೆಸರು "ಕಾಮಿನಿ" ಎಂದಿತ್ತು. ಕಾಮಿನಿ ಎಂದರೆ ಯಾರು? ಕಥೆಯಲ್ಲಿ ಬರುವ ಹುಡುಗಿ! ಹಾಡಿದವರ ಹೆಸರು ಎಲ್ಲಿಯೂ ಇಲ್ಲ.

ಕೇಳುಗರು ಸುಮ್ಮನೆ ಕೂರಲಿಲ್ಲ. "ಹಾಡಿದವರು ಯಾರು?" ಎಂದು ರೇಡಿಯೊದವರಿಗೆ ಕಾಗದ ಬರೆದರು. ರೇಡಿಯೊದವರು ಕಂಪನಿಗೆ ಕೇಳಿ ಹೆಸರು ಸಾರಿದರು. ಆ ಹೆಸರು ಲತಾ ಮಂಗೇಶ್ಕರ್. ನೋಡಿದಿರಾ, ಕಾಗದ ಬರೆಯಲು ಬಂದವರಿಂದ ಒಬ್ಬ ಹೆಣ್ಣುಮಗಳ ಹೆಸರು ಬೆಳಕಿಗೆ ಬಂತು.

ನಮ್ಮ ಕಡೆ ಹೆಸರು ಇಡುವ ರೀತಿ

ಹೆಸರು ಹೇಳುವುದನ್ನು ನಮಗೆ ಯಂತ್ರ ಕಲಿಸಿತೇ? ಇಲ್ಲ. ನಮ್ಮಲ್ಲಿ ಅದು ಬಹಳ ಹಳೆಯದು.

ಹುನಗುಂದ ಕಡೆಯ ಕೂಡಲಸಂಗಮ ನೋಡಿದ್ದೀರಿ. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ಬಸವಣ್ಣನವರ ವಚನದ ಕೊನೆಗೆ ಬರುವುದು ಅಲ್ಲಿನ ದೇವರ ಹೆಸರು. ಇದಕ್ಕೆ ಅಂಕಿತ ಎನ್ನುತ್ತಾರೆ. ಅಂಕಿತ ಕೇಳಿದರೆ ವಚನ ಯಾರದು ಎಂದು ಗೊತ್ತಾಗುತ್ತದೆ. ಶರಣೆಯರಿಗೂ ತಮ್ಮ ಅಂಕಿತ ಇತ್ತು. ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂದರೆ ಲಿಂಗಸುಗೂರು ಕಡೆಯ ಆಯ್ದಕ್ಕಿ ಲಕ್ಕಮ್ಮ. ಅಂಕಿತದಿಂದಾಗಿ 800 ವರ್ಷದ ಮೇಲೂ ಅವರ ಮಾತು ಅವರದೇ ಆಗಿ ಉಳಿಯಿತು.

ಗೀಗೀ ಪದದಲ್ಲಿಯೂ ಹೀಗೇ. ದಪ್ಪು, ತುಂತುಣಿ, ತಾಳ ಹಿಡಿದು ಹರದೇಶಿ ನಾಗೇಶಿ ಮೇಳಗಳು ರಾತ್ರಿಯಿಡೀ ವಾದ ಮಾಡುತ್ತವೆ. ಗಂಡು ಹೆಚ್ಚು ಅನ್ನುವವರು ಹರದೇಶಿ. ಹೆಣ್ಣು ಹೆಚ್ಚು ಅನ್ನುವವರು ನಾಗೇಶಿ. ಪದದ ಕೊನೆಯ ನುಡಿ ಕಿವಿಗೊಟ್ಟು ಕೇಳಿ. ಪದ ಕಟ್ಟಿದವರ ಊರು, ಹೆಸರು ಬರುತ್ತದೆ.

ಬೀಸುವ ಹಾಡಿಗೆ ಮಾತ್ರ ಹೆಸರಿಲ್ಲ. ಯಾಕೆ? ಒಬ್ಬಾಕೆ ಕಟ್ಟಿದ ಹಾಡಿಗೆ ಇನ್ನೊಬ್ಬಾಕೆ ನುಡಿ ಸೇರಿಸಿದಳು. ತವರಿನಿಂದ ಗಂಡನ ಮನೆಗೆ ಹಾಡು ಹೋಯಿತು. ಕಟ್ಟಿದವರಿಗೆ ಬರೆಯಲು ಬರುತ್ತಿರಲಿಲ್ಲ. ಕೇಳಿದವರು ಬರೆದುಕೊಳ್ಳಲಿಲ್ಲ. ಈಗ ಹಿಟ್ಟಿನ ಗಿರಣಿ ಬಂದಿದೆ. ಬೀಸುವ ಕಲ್ಲು ಮೂಲೆ ಸೇರಿದೆ. ಇದು ಒಳ್ಳೆಯದೇ, ರಟ್ಟೆ ನೋವು ತಪ್ಪಿತು. ಆದರೆ ಕಲ್ಲಿನ ಜೊತೆ ಹಾಡೂ ಮೂಲೆ ಸೇರಬೇಕೇ?

ಕಲ್ಲಿನ ಮೇಲೆ ಮೂರು ಹೆಸರು

ಬಾದಾಮಿಯ ಹತ್ತಿರ ಮಹಾಕೂಟ ಇದೆ. ಅಲ್ಲಿ ಚಾಲುಕ್ಯರ ಕಾಲದ ಒಂದು ಕನ್ನಡ ಶಾಸನ ಇದೆ. ಸುಮಾರು 1300 ವರ್ಷ ಹಳೆಯದು. ವಿಜಯಾದಿತ್ಯ ರಾಜನ ಪ್ರಿಯೆ ವಿನಾಪೋಟಿ ಎಂಬಾಕೆ ದೇವರಿಗೆ ದಾನ ಕೊಟ್ಟ ಸಂಗತಿ ಅದರಲ್ಲಿದೆ. ಆಕೆಯ ತಾಯಿ ಕುಚಿಪೋಟಿ. ತಾಯಿಯ ತಾಯಿ ರೇವಮಂಚಳು. ಮೂರು ತಲೆಮಾರಿನ ಹೆಣ್ಣುಮಕ್ಕಳ ಹೆಸರು ಕಲ್ಲಿನ ಮೇಲೆ ಬರೆದಿದೆ.

ನಮ್ಮ ಆಯಿಗೆ ತನ್ನ ಅವ್ವನ ಅವ್ವನ ಹೆಸರು ಗೊತ್ತಿರಲಿಲ್ಲ. 1300 ವರ್ಷದ ಹಿಂದಿನ ಅವ್ವನ ಅವ್ವನ ಹೆಸರು ನಮಗೆ ಗೊತ್ತಿದೆ. ಕಾರಣ ಒಂದೇ. ಅದನ್ನು ಬರೆದಿಟ್ಟಿದ್ದರು.

ನಾವೇನು ಮಾಡೋಣ?

ನಮಗೆ ಕಲ್ಲು ಬೇಡ. ಎರಡು ರೂಪಾಯಿ ಪೆನ್ನು, ಒಂದು ವಹಿ ಸಾಕು. ನಿಮಗೆ ಬರುವ ಒಂದು ಹಾಡು ಬರೆಯಿರಿ. ತಪ್ಪಾದರೂ ಚಿಂತೆಯಿಲ್ಲ. ಕೆಳಗೆ ಮೂರು ಸಂಗತಿ ಬರೆಯಿರಿ: ಹಾಡಿದವರ ಹೆಸರು, ಕಲಿಸಿದವರ ಹೆಸರು, ಊರಿನ ಹೆಸರು.

ಮನೆಯಲ್ಲಿ ಮಕ್ಕಳ ಮೊಬೈಲು ಇದ್ದರೆ ಅದರಲ್ಲಿಯೂ ಹಾಡು ಹಿಡಿದಿಡಿ. ಹಾಡು ಮುಗಿದ ಕೂಡಲೇ, ಗೌಹರ್ ಜಾನ್ ಹೇಳಿದ ಹಾಗೆ, ಗಟ್ಟಿಯಾಗಿ ನಿಮ್ಮ ಹೆಸರು, ಊರು ಹೇಳಿ. ಮೊಬೈಲಿನ ಹಾಡು ಊರೂರು ತಿರುಗುತ್ತದೆ. ಹೆಸರು ಹಾಡಿನ ಒಳಗೇ ಇದ್ದರೆ ಜೊತೆಗೇ ಹೋಗುತ್ತದೆ. ಬೇರೆಯವರ ಹಾಡು ಹಿಡಿಯುವಾಗ ಅವರನ್ನು ಕೇಳಿಯೇ ಹಿಡಿಯಿರಿ.

ಹೋದ ವಾರ ಆಯಿ ತಮ್ಮ ಹಾಡು ಬರೆದು ತಂದರು. ಮೂರು ಸಂಜೆ ಹಿಡಿಯಿತಂತೆ. ಕೆಳಗೆ ತಮ್ಮ ಹೆಸರು ಬರೆದಿದ್ದರು. ಅದರ ಕೆಳಗೆ ಅವರ ಅವ್ವನ ಹೆಸರು. ಅದರ ಕೆಳಗೆ ಒಂದು ಗೆರೆ ಖಾಲಿ ಇತ್ತು.

"ಇದ್ಯಾಕ ಬಿಟ್ಟೀರಿ ಆಯಿ?"

"ಹುನಗುಂದದಾಗ ನಮ್ಮ ಕಾಕಿ ಅದಾಳ್ರಿ ಅಕ್ಕೋರ. ಅಕಿಗೆ ಗೊತ್ತಿರತೈತಿ. ಕೇಳಿ ಬರಿತೀನಿ."

ಮಾತಾಡೋಣ, ಬರೆಯೋಣ

1. ಗೌಹರ್ ಜಾನ್ ಹಾಡಿನ ಕೊನೆಗೆ ಹೆಸರು ಹೇಳುತ್ತಿದ್ದರು. ಯಾಕೆ?
2. ನಿಮ್ಮ ತಾಯಿಯ ತಾಯಿಯ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಯಾರನ್ನು ಕೇಳುವಿರಿ?
3. ಅವರಿಂದ ಬಂದ ಒಂದು ಹಾಡನ್ನು ನಾಳೆ ಕೇಂದ್ರದಲ್ಲಿ ಹಾಡಿ.