ಒಂಟಿ ಚಕ್ರದ ಬ್ಯಾಟರಿ ಗಾಡಿ ನಮ್ಮ ರಸ್ತೆಗೆ ಆಗುತ್ತದಾ?

ಮೊಬೈಲಿನಲ್ಲಿ ವೀಡಿಯೊ ನೋಡುವ ನಮ್ಮ ಹುಡುಗರಿಗೆ ಹೊಸ ಆಸೆಯೊಂದು ಹತ್ತಿದೆ. ಒಂದೇ ಚಕ್ರ, ಅದರ ಎರಡು ಬದಿಯಲ್ಲಿ ಕಾಲಿಡುವ ಹಲಗೆ. ಹ್ಯಾಂಡಲ್ ಇಲ್ಲ, ಬ್ರೇಕ್ ಹಿಡಿಯುವ ಲಿವರೂ ಇಲ್ಲ. ಅದರ ಮೇಲೆ ನೆಟ್ಟಗೆ ನಿಂತು, ಕೈ ಕಟ್ಟಿಕೊಂಡು, ಸ್ಕೂಟರಿನ ವೇಗದಲ್ಲಿ ಹೋಗುವವರನ್ನು ನೋಡಿದರೆ ದೊಡ್ಡವರಿಗೂ ಆಶ್ಚರ್ಯವಾಗುತ್ತದೆ. ಇದೇ ಎಲೆಕ್ಟ್ರಿಕ್ ಯುನಿಸೈಕಲ್. ಉಡುಪಿ, ಕಾಪು, ಕಾರ್ಕಳ ಕಡೆಯ ಮನೆಗಳಲ್ಲಿ ಗಲ್ಫಿನಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹಾಗಾಗಿ ಮುಂದಿನ ಪ್ರಶ್ನೆಯೂ ಕೂಡಲೇ ಬರುತ್ತದೆ: "ಉಮ್ಮಾ, ದುಬೈಯಲ್ಲಿರುವ ಮಾಮನ ಹತ್ರ ಹೇಳಿ ಒಂದು ತರಿಸ್ಬಹುದಾ?"

ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಯಾಕೆ ಬೇಡ ಎಂದು ಹೇಳದಿದ್ದರೆ ಹುಡುಗರು ಕೇಳುವುದಿಲ್ಲ. ಒಳ್ಳೆಯ ಗಾಡಿಯೊಂದಕ್ಕೆ ಲಕ್ಷ ರೂಪಾಯಿ ದಾಟುತ್ತದೆ. ಅದಕ್ಕಿಂತ ದೊಡ್ಡದು ಮಕ್ಕಳ ಮೈಮೂಳೆ, ದಾರಿಯಲ್ಲಿ ಹೋಗುವವರ ಜೀವ. ಆದ್ದರಿಂದ ಇದು ಹೇಗೆ ಓಡುತ್ತದೆ, ಇದರಲ್ಲಿ ಗುಣಮಟ್ಟ ಎಂದರೆ ಏನು, ನಮ್ಮ ಕಾನೂನು ಏನು ಹೇಳುತ್ತದೆ ಎಂದು ಸ್ವಲ್ಪ ವಿವರವಾಗಿ ನೋಡುವ.

ಅಂಗೈ ಮೇಲಿನ ಕೋಲು

ತನ್ನಷ್ಟಕ್ಕೆ ಸಮತೋಲ ಹಿಡಿಯುವ ಗಾಡಿಯನ್ನು ಲೋಕಕ್ಕೆ ಪರಿಚಯಿಸಿದವರು ಅಮೆರಿಕದ ಡೀನ್ ಕೇಮನ್. ಅವರ ಎರಡು ಚಕ್ರದ 'ಸೆಗ್ವೇ' ಬಂದದ್ದು 2001ರಲ್ಲಿ. ಸುಮಾರು ಹತ್ತು ವರ್ಷ ಕಳೆದು, ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶೇನ್ ಚೆನ್ 'ಸೋಲೋವೀಲ್' ಎಂಬ ಒಂಟಿ ಚಕ್ರ ಮಾಡಿದರು. ಆಮೇಲೆ ಈ ಕೆಲಸ ಹೆಚ್ಚಾಗಿ ಚೀನಾದ ಕಂಪೆನಿಗಳ ಕೈಗೆ ಹೋಯಿತು. ಕಿಂಗ್‌ಸಾಂಗ್, ಇನ್‌ಮೋಷನ್, ಬೆಗೋಡೆ ಮೊದಲಾದ ಹೆಸರುಗಳು ಇಂದು ಸವಾರರ ಬಾಯಲ್ಲಿ ಉಂಟು. ಚೀನಾದ ನೈನ್‌ಬಾಟ್ ಕಂಪೆನಿ 2015ರಲ್ಲಿ ಸೆಗ್ವೇಯನ್ನೇ ಖರೀದಿ ಮಾಡಿತು.

ಇದರ ಕೆಲಸ ಅರ್ಥವಾಗಲು ನಮ್ಮ ಮಕ್ಕಳ ಆಟವೊಂದನ್ನು ನೆನಪಿಸಿದರೆ ಸಾಕು. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ. ಕೋಲು ಯಾವ ಕಡೆ ವಾಲುತ್ತದೋ ಆ ಕಡೆಗೆ ಕೈ ಓಡಬೇಕು. ಇಲ್ಲಿ ಕೋಲು ಎಂದರೆ ಸವಾರ, ಕೈ ಎಂದರೆ ಚಕ್ರ. ಸವಾರ ಮುಂದೆ ಬಾಗಿದ್ದನ್ನು ಒಳಗಿನ ಗೈರೊಸ್ಕೋಪ್ ಸೆನ್ಸರ್ ಕ್ಷಣದಲ್ಲಿ ತಿಳಿಯುತ್ತದೆ. ಮೋಟಾರು ಚಕ್ರವನ್ನು ಮುಂದಕ್ಕೆ ಓಡಿಸಿ ಅವನ ಕಾಲಡಿಗೆ ತರುತ್ತದೆ. ಹಿಂದೆ ಬಾಗಿದರೆ ನಿಧಾನ, ಮತ್ತೂ ಬಾಗಿದರೆ ನಿಲುಗಡೆ. ಎಡ ಬಲಕ್ಕೆ ಬೀಳದಂತೆ ನೋಡಿಕೊಳ್ಳುವ ಕೆಲಸ ಮಾತ್ರ, ಸೈಕಲ್ಲಿನ ಹಾಗೆ, ಸವಾರನದ್ದೇ.

ಈಗ ಮುಖ್ಯ ವಿಷಯ. ಸ್ಕೂಟರಿನ ಮೋಟಾರು ಸೋತರೆ ಸ್ಕೂಟರು ನಿಧಾನವಾಗಿ ನಿಲ್ಲುತ್ತದೆ. ಒಂಟಿ ಚಕ್ರದ ಮೋಟಾರು ಸೋತರೆ ಗಾಡಿ ನಿಲ್ಲುವುದಲ್ಲ, ಸವಾರ ಮುಖ ಅಡಿಯಾಗಿ ಬೀಳುವುದು. ಓಡಿಸುವುದೂ ಅದೇ ಮೋಟಾರು, ನಿಲ್ಲಿಸಿಕೊಳ್ಳುವುದೂ ಅದೇ ಮೋಟಾರು. ಪೂರ್ತಿ ಶಕ್ತಿ ವೇಗಕ್ಕೇ ಖರ್ಚಾದರೆ ಸಮತೋಲಕ್ಕೆ ಉಳಿಯುವುದು ಏನೂ ಇಲ್ಲ. ಇದನ್ನು ಸವಾರರು 'ಕಟ್‌ಔಟ್' ಎನ್ನುತ್ತಾರೆ. ಆದ್ದರಿಂದ ಈ ಗಾಡಿಯ ಗುಣಮಟ್ಟವನ್ನು ಎಷ್ಟು ವೇಗ ಹೋಗುತ್ತದೆ ಎಂದು ಅಳೆಯಬಾರದು. ಅಷ್ಟು ವೇಗದಲ್ಲಿ ಹೋಗುವಾಗ ಇನ್ನೆಷ್ಟು ಶಕ್ತಿ ಕೈಯಲ್ಲಿ ಉಳಿದಿದೆ ಎಂದು ಅಳೆಯಬೇಕು. ಒಳ್ಳೆಯ ಗಾಡಿ ಮಿತಿ ಹತ್ತಿರ ಬಂದಾಗ ಮೊದಲು ಶಬ್ದ ಮಾಡುತ್ತದೆ, ಆಮೇಲೆ ಹಲಗೆಯ ಮುಂಭಾಗವನ್ನು ಎತ್ತಿ ಸವಾರನನ್ನು ಹಿಂದಕ್ಕೆ ತಳ್ಳುತ್ತದೆ. ಆ ಎಚ್ಚರಿಕೆಯನ್ನು ಲೆಕ್ಕಿಸದೆ ಮತ್ತೂ ಮುಂದೆ ಬಾಗುವವನನ್ನು ಯಾವ ಕಂಪೆನಿಯೂ ಉಳಿಸಲಾರದು.

ಮಣಿಪಾಲದ ಗುಡ್ಡ, ಕಾಪುವಿನ ಗಾಳಿ

ನಮ್ಮ ಊರಿನ ನೆಲವೇ ಇದಕ್ಕೆ ದೊಡ್ಡ ಪರೀಕ್ಷೆ. ಉಡುಪಿಯಿಂದ ಮಣಿಪಾಲಕ್ಕೆ ಏರು ದಾರಿ. ಏರಿನಲ್ಲಿ ಮೋಟಾರಿಗೆ ಹೊರೆ ಹೆಚ್ಚು, ವಯರುಗಳೂ ಕಂಟ್ರೋಲರೂ ಬಿಸಿಯಾಗುತ್ತವೆ. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ವೋಲ್ಟೇಜೂ ಇಳಿದಿರುತ್ತದೆ. ಬೆಳಿಗ್ಗೆ ಫುಲ್ ಚಾರ್ಜಿನಲ್ಲಿ ಆರಾಮವಾಗಿ ಹೋದ ವೇಗದಲ್ಲೇ ಸಂಜೆ ಹೋಗಲು ನೋಡಿದರೆ ಅದು ಅಪಾಯದ ಗೆರೆ ದಾಟಿರಬಹುದು.

ಇಳಿಜಾರಿನಲ್ಲಿ ಬೇರೆಯೇ ತೊಂದರೆ. ಈ ಗಾಡಿಗೆ ಮೋಟಾರೇ ಬ್ರೇಕ್. ಬ್ರೇಕ್ ಹಿಡಿದಾಗ ಹುಟ್ಟುವ ಕರೆಂಟು ವಾಪಸ್ ಬ್ಯಾಟರಿಗೆ ಹೋಗುತ್ತದೆ. ಗುಡ್ಡದ ಮೇಲಿನ ಹಾಸ್ಟೆಲಿನಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ನೇರ ಕೆಳಗೆ ಇಳಿದರೆ ಆ ಕರೆಂಟಿಗೆ ಜಾಗವೇ ಇಲ್ಲ. ಗಾಡಿ ಅಲಾರಂ ಹೊಡೆದು ಹಲಗೆ ಎತ್ತುತ್ತದೆ. ತಿಳಿದವರು ಇಳಿಯುವ ದಾರಿ ಇದ್ದರೆ ಬ್ಯಾಟರಿ ಪೂರ್ತಿ ತುಂಬಿಸುವುದಿಲ್ಲ.

ಇನ್ನು ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಗಾಡಿಯ ಪೆಟ್ಟಿಗೆಯ ಮೇಲೆ 'ಐಪಿ' ಎಂದು ಬರೆದು ಎರಡು ಅಂಕಿ ಇರುತ್ತದೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ54ರ ಕೊನೆಯ 4 ಎಂದರೆ ನೀರು ಚಿಮ್ಮಿದರೆ ತಡೆಯುತ್ತದೆ ಎಂದಷ್ಟೇ. 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು. ಆದರೆ ಈ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಹೊಸ ಗಾಡಿಯ ಮೇಲೆ. ಕಾಪುವಿನ ಲೈಟ್‌ಹೌಸ್ ಬದಿಯಲ್ಲಿ, ಮೂಳೂರು, ಉಚ್ಚಿಲದ ಕಡಲ ಕರೆಯಲ್ಲಿ ಮನೆ ಇರುವವರಿಗೆ ಗೊತ್ತು, ಉಪ್ಪುಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ. ಸ್ಕ್ರೂ, ಬೇರಿಂಗ್, ಕನೆಕ್ಟರ್ ಎಲ್ಲ ನಿಧಾನಕ್ಕೆ ತುಕ್ಕು ಹಿಡಿಯುತ್ತವೆ. ಮರಳು ತುಂಬಿದ ಬೀಚಿನಲ್ಲಿ ಓಡಿಸುವ ವೀಡಿಯೊ ಚಂದ, ಬೇರಿಂಗಿಗೆ ಅದು ಚಂದ ಅಲ್ಲ.

ಕಾರ್ಕಳದ ಕಡೆ ತಿರುವು, ಇಳಿಜಾರು, ಮಳೆಗಾಲ ಮುಗಿಯುವಾಗ ಬಾಯಿ ತೆರೆಯುವ ಹೊಂಡಗಳು. ಎರಡು ಚಕ್ರದ ಗಾಡಿಯಲ್ಲಿ ಒಂದು ಹೊಂಡಕ್ಕೆ ಬಿದ್ದರೆ ಇನ್ನೊಂದು ಆಧಾರ ಇರುತ್ತದೆ. ಇಲ್ಲಿ ಅದು ಇಲ್ಲ. ಇನ್‌ಮೋಷನ್ ಮತ್ತು ಕಿಂಗ್‌ಸಾಂಗ್ 2020ರಲ್ಲಿ ಸಸ್ಪೆನ್ಷನ್ ಇರುವ ಗಾಡಿಗಳನ್ನು ಮಾರುಕಟ್ಟೆಗೆ ತಂದ ಮೇಲೆ ಹೊಂಡದ ಪೆಟ್ಟು ಸ್ವಲ್ಪ ತಗ್ಗಿದೆ, ನಿಜ. ಆದರೆ ಸಣ್ಣ ಚಕ್ರದ ಅಗ್ಗದ ಗಾಡಿಗಳಲ್ಲಿ ಅದೆಲ್ಲ ಇಲ್ಲ.

ಬ್ಯಾಟರಿಯ ಲೆಕ್ಕ, ವಿಮಾನದ ಲೆಕ್ಕ

ಬ್ಯಾಟರಿಯನ್ನು ವಾಟ್ ಅವರ್‌ನಲ್ಲಿ ಅಳೆಯುತ್ತಾರೆ. 1000 ವಾಟ್ ಅವರ್ ಎಂದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯುನಿಟ್. ಒಂಟಿ ಚಕ್ರಕ್ಕೆ ಕಿಲೋಮೀಟರಿಗೆ ಸುಮಾರು 20 ವಾಟ್ ಅವರ್ ಹಿಡಿದರೆ, ಒಂದು ಯುನಿಟ್ ಬ್ಯಾಟರಿಯಲ್ಲಿ 50 ಕಿಲೋಮೀಟರ್ ಆಸುಪಾಸು ಹೋಗಬಹುದು. ಏರು, ಗಾಳಿ, ಸವಾರನ ತೂಕ ಸೇರಿದರೆ ಕಡಿಮೆ. ಖರ್ಚಿನ ಲೆಕ್ಕದಲ್ಲಿ ಇದು ಬಹಳ ಅಗ್ಗ, ಅದನ್ನು ಅಲ್ಲಗಳೆಯುವಂತಿಲ್ಲ.

ಈಗ ವಿಮಾನಕ್ಕೆ ಬರುವ. ಪ್ರಯಾಣಿಕರು ತರುವ ಲಿಥಿಯಂ ಬ್ಯಾಟರಿಗೆ 100 ವಾಟ್ ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ, 100ರಿಂದ 160ರವರೆಗೆ ವಿಮಾನ ಕಂಪೆನಿಯ ಅನುಮತಿ ಬೇಕು, 160 ದಾಟಿದರೆ ಇಲ್ಲ. ಇಂಥ ಚಕ್ರದ ಗಾಡಿಗಳನ್ನೇ ಎಮಿರೇಟ್ಸ್‌ನಂಥ ಕಂಪೆನಿಗಳು 2015ರ ಕೊನೆಯಲ್ಲಿ ಪೂರ್ತಿ ನಿಷೇಧಿಸಿದವು. 160 ವಾಟ್ ಅವರ್‌ನಲ್ಲಿ ಎಂಟು ಕಿಲೋಮೀಟರ್ ಹೋದರೆ ಹೆಚ್ಚು. ಅಂದರೆ ಉಪಯೋಗಕ್ಕೆ ಬರುವಂಥ ಯಾವ ಗಾಡಿಯನ್ನೂ ಮಂಗಳೂರಿಗೆ ಬರುವ ಮಾಮ ಬ್ಯಾಗಿನಲ್ಲಿ ಹಾಕಿ ತರುವ ಹಾಗಿಲ್ಲ. ಬಟ್ಟೆಯಲ್ಲಿ ಸುತ್ತಿ ತಂದು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಗಾಡಿಯೂ ಹೋಯಿತು, ಮರ್ಯಾದೆಯೂ ಹೋಯಿತು.

2022ರಲ್ಲಿ ನಮ್ಮ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪುಂಟು. ಆ ನಂತರ ಕೇಂದ್ರ ಸರಕಾರ ಎಐಎಸ್ 156 ಎಂಬ ಬ್ಯಾಟರಿ ಸುರಕ್ಷತಾ ನಿಯಮವನ್ನು ಬಿಗಿ ಮಾಡಿ, 2022ರ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತಂದಿತು. ನೋಂದಣಿಯಾಗುವ ಸ್ಕೂಟರು ಈ ಪರೀಕ್ಷೆ ದಾಟಿ ಬರುತ್ತದೆ. ಹೊರಗಿನಿಂದ ಬಂದ ಒಂಟಿ ಚಕ್ರಕ್ಕೆ ಈ ಪರೀಕ್ಷೆಯ ಭರವಸೆ ಇಲ್ಲ. ಅದನ್ನು ರಾತ್ರಿ ಮಲಗುವ ಕೋಣೆಯಲ್ಲಿ, ಬಾಗಿಲ ಬದಿಯಲ್ಲಿ ಚಾರ್ಜಿಗೆ ಹಾಕಿ ನಿದ್ದೆ ಹೋಗುವುದು ಯಾವ ಮನೆಗೂ ಒಳ್ಳೆಯದಲ್ಲ.

ಕಾನೂನು ಏನು ಹೇಳುತ್ತದೆ?

"ಬ್ಯಾಟರಿ ಗಾಡಿ ಅಲ್ವಾ, ಲೈಸೆನ್ಸ್ ಬೇಡ" ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ಇದು ಅರ್ಧ ಸತ್ಯ. ಕೇಂದ್ರ ಮೋಟಾರು ವಾಹನ ನಿಯಮ, 1989ರ ಪ್ರಕಾರ ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರುವ, ಅಧಿಕೃತ ಸಂಸ್ಥೆಯಿಂದ ಪರೀಕ್ಷೆಯಾದ ಗಾಡಿಗೆ ಮಾತ್ರ ವಿನಾಯಿತಿ. ಒಂಟಿ ಚಕ್ರಗಳ ಮೋಟಾರು ಸಾಮಾನ್ಯವಾಗಿ 1000 ವಾಟ್‌ನಿಂದ ಮೇಲೆ, ವೇಗ 50 ದಾಟುವವೂ ಬೇಕಾದಷ್ಟಿವೆ. ಅಂಥವು ವಿನಾಯಿತಿಯ ಹೊರಗೆ. ನೋಂದಣಿ ಮಾಡಿಸುವ ಎಂದರೆ ಸೀಟ್, ಬ್ರೇಕ್, ಇಂಡಿಕೇಟರ್ ಇಲ್ಲದ ಗಾಡಿಯನ್ನು ಹೇಗೆ ಮಾಡಿಸುವುದು?

ನೋಂದಣಿ ಇಲ್ಲ ಎಂದರೆ ವಿಮೆ ಇಲ್ಲ. ಕಾಪು ಪೇಟೆಯಲ್ಲಿ ರಸ್ತೆ ದಾಟುವ ಅಜ್ಜಿಗೆ ಡಿಕ್ಕಿಯಾದರೆ ಆಸ್ಪತ್ರೆ ಖರ್ಚು, ಪರಿಹಾರ ಎಲ್ಲ ಆ ಹುಡುಗನ ಮನೆಯವರ ತಲೆಗೆ. ಹದಿನೆಂಟು ತುಂಬದ ಮಕ್ಕಳ ಕೈಗೆ ಮೋಟಾರು ವಾಹನ ಕೊಟ್ಟು ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಕೂಡ ಆಗಬಹುದು. ದುಬೈಯನ್ನು ಉದಾಹರಣೆ ಕೊಡುವವರು ಇನ್ನೊಂದು ವಿಷಯವನ್ನೂ ಹೇಳಬೇಕು. ಅಲ್ಲಿ 2022ರಿಂದ ಎಲೆಕ್ಟ್ರಿಕ್ ಸ್ಕೂಟರಿಗೇ ಗೊತ್ತುಪಡಿಸಿದ ದಾರಿ, ವೇಗದ ಮಿತಿ, ಹೆಲ್ಮೆಟ್ ಕಡ್ಡಾಯ. ಡ್ರೈವಿಂಗ್ ಲೈಸೆನ್ಸ್ ಇಲ್ಲದವರಿಗೆ ಪರವಾನಗಿ ಪರೀಕ್ಷೆ ಉಂಟು. ನಮ್ಮ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ, ಬಸ್ಸು, ಮೀನಿನ ಗಾಡಿಗಳ ನಡುವೆ ಅಂಥ ದಾರಿ ಎಲ್ಲುಂಟು?

ಸವಾರರಿಂದ ಕಲಿಯುವುದು

ಹೊರದೇಶಗಳಲ್ಲಿ ಈ ಗಾಡಿಯವರದ್ದು ಒಂದು ದೊಡ್ಡ ಬಳಗ. ಅವರಿಂದ ಕಲಿಯುವ ವಿಷಯ ಉಂಟು. ಹೊಸ ಗಾಡಿ ಬಂದ ಕೂಡಲೇ ಅವರು ಹೊಗಳಲು ಕೂರುವುದಿಲ್ಲ. ಕವಚ ಬಿಚ್ಚಿ ವಯರಿನ ದಪ್ಪ, ಬ್ಯಾಟರಿ ಸೆಲ್ಲುಗಳ ಜೋಡಣೆ, ನೀರು ನುಗ್ಗುವ ಸಂದು ಎಲ್ಲ ನೋಡುತ್ತಾರೆ. ಬಿದ್ದವನು ಯಾಕೆ ಬಿದ್ದೆ ಎಂದು ಮುಚ್ಚಿಡದೆ ಹೇಳುತ್ತಾನೆ. ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸುವ ಬ್ಯಾಟರಿ ನಿಯಂತ್ರಣ ಬೇಕು ಎಂದು ಒತ್ತಾಯಿಸುವವರೂ ಇವರೇ. ಹೊಸಬರಿಗೆ ಅವರ ಮೊದಲ ಪಾಠ ಹೆಲ್ಮೆಟ್, ಮಣಿಕಟ್ಟಿನ ಕವಚ, ಮೊಣಕಾಲಿನ ಕವಚ. ಎರಡನೆಯದು ತೆರೆದ ಮೈದಾನ. ರಸ್ತೆ ಕೊನೆಗೆ.

ಈ ಬುದ್ಧಿಯನ್ನು ನಮ್ಮ ಹುಡುಗರು ಒಂಟಿ ಚಕ್ರಕ್ಕೇ ಹಾಕಬೇಕೆಂದಿಲ್ಲ. ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ 'ಸೋಲಾರ್‌ಮೊಬಿಲ್' ತಂಡ ಸೌರಶಕ್ತಿಯ ಕಾರನ್ನೇ ಕಟ್ಟಿದೆ. ಬೆಂಗಳೂರಿನಲ್ಲಿ ರೇವಾ ಕಾರು 2001ರಲ್ಲೇ ರಸ್ತೆಗೆ ಬಂತು, 2013ರಲ್ಲಿ ಶುರುವಾದ ಏಥರ್ ಇಂದು ದೇಶವೆಲ್ಲ ಸ್ಕೂಟರ್ ಮಾರುತ್ತಿದೆ. ಎಲೆಕ್ಟ್ರಿಕ್ ವಾಹನ ನೀತಿಯನ್ನು ಮೊದಲು ತಂದ ರಾಜ್ಯವೂ ನಮ್ಮ ಕರ್ನಾಟಕ, 2017ರಲ್ಲಿ. ನಮ್ಮ ಸಮುದಾಯದ ಎಷ್ಟೋ ಯುವಕರು ಗ್ಯಾರೇಜು, ಅಟೋ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದಾರೆ. ಕಾರ್ಬೊರೇಟರ್ ಬಿಚ್ಚಿ ಜೋಡಿಸುವ ಕೈಗೆ ಬ್ಯಾಟರಿ ಪ್ಯಾಕ್, ಕಂಟ್ರೋಲರ್, ಹಬ್ ಮೋಟಾರ್ ಕಲಿಯುವುದು ಅಸಾಧ್ಯವೇನಲ್ಲ. ಶಿರ್ವದಲ್ಲೋ ಕಟಪಾಡಿಯಲ್ಲೋ ಅಂಥ ಒಬ್ಬ ನುರಿತ ಮೆಕ್ಯಾನಿಕ್ ಇದ್ದರೆ ಅವನಿಗೆ ಅನ್ನವೂ ಆಯಿತು, ಊರಿಗೆ ಉಪಕಾರವೂ ಆಯಿತು.

ಆದ್ದರಿಂದ ಮನೆಯಲ್ಲಿ ಹುಡುಗ ಬ್ಯಾಟರಿ ಗಾಡಿ ಕೇಳಿದಾಗ, ಒಂಟಿ ಚಕ್ರವಾಗಲಿ ಸ್ಕೂಟರಾಗಲಿ, ದೊಡ್ಡವರು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಇದಕ್ಕೆ ಪರೀಕ್ಷೆಯ ಸರ್ಟಿಫಿಕೇಟ್ ಉಂಟಾ? ನೋಂದಣಿ, ವಿಮೆ ಆಗುತ್ತದಾ? ಮಳೆಗಾಲದಲ್ಲಿ ಕೆಟ್ಟರೆ ಹತ್ತಿರದಲ್ಲಿ ರಿಪೇರಿ ಮಾಡುವವರು ಯಾರು? ಬ್ಯಾಟರಿ ಹೋದರೆ ಹೊಸತು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ? ಒಂಟಿ ಚಕ್ರದ ವಿಷಯದಲ್ಲಿ ಈ ನಾಲ್ಕಕ್ಕೂ ಇಂದು ನಮ್ಮೂರಲ್ಲಿ ಸರಿಯಾದ ಉತ್ತರ ಇಲ್ಲ. ಉತ್ತರ ಸಿಗುವ ತನಕ ಅದು ಸ್ವಂತ ಜಾಗದ ಅಂಗಳದ ಆಟವಾಗಿರಲಿ, ಅದೂ ಹೆಲ್ಮೆಟ್ ಹಾಕಿ. ರಸ್ತೆಗೆ ಬೇಕಾದರೆ ನಂಬರ್ ಪ್ಲೇಟ್ ಇರುವ, ಸರ್ವಿಸ್ ಸಿಗುವ ಸ್ಕೂಟರು ಸಾಕು.