ಬಿದ್ದವನಿಗೆ ನಿಂತವನೇ ನೆಂಟ

2021ರ ಜನವರಿ 6. ಸೌದಿ ಅರೇಬಿಯಾದ ಮರಳುಗಾಡಿನ ಡಕಾರ್ ರ‍್ಯಾಲಿಯಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಬೈಕಿನಿಂದ ಬಿದ್ದರು. ತಲೆಗೆ ಪೆಟ್ಟು, ಕೀಲು ತಪ್ಪಿದ ಭುಜ. ಸೆಕೆಂಡಿಗೂ ಲೆಕ್ಕವಿರುವ ಪಂದ್ಯ. ಆದರೂ ಹಿಂದೆ ಬಂದ ಡಚ್ ಸವಾರ ಪಾಲ್ ಸ್ಪೀರಿಂಗ್ಸ್ ‘ನಂಗ್ಯಾಕೆ’ ಅಂತ ಮುಂದೆ ಹೋಗಲಿಲ್ಲ, ನಿಂತು ಉಪಚರಿಸಿದರು. ರಿಯಾದ್ ಆಸ್ಪತ್ರೆಯಲ್ಲಿ ದಿನಗಟ್ಟಲೆ ಮಂಪರಿನಲ್ಲಿದ್ದ ಸಂತೋಷ್ ಕೊನೆಗೆ ಕಣ್ಣುಬಿಟ್ಟರು, ಊರಿಗೆ ಮರಳಿದರು.

ಹೀಗೆ ನೆರವಿಗೆ ನಿಂತವರ ಹೊತ್ತನ್ನು ಡಕಾರ್‌ನಲ್ಲಿ ಲೆಕ್ಕ ಹಾಕಿ ವಾಪಸು ಕೊಡುತ್ತಾರೆ. ನಮ್ಮ ರಸ್ತೇಲಿ? ‘ಪೊಲೀಸು, ಕೋರ್ಟು, ಯಾಕಪ್ಪಾ ರಗಳೆ’ ಅಂತ ಸುತ್ತ ನಿಂತು ನೋಡೋರೇ ಜಾಸ್ತಿ. ಆ ಭಯ ಬೇಡ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ, ಒಳ್ಳೆ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸಿಲ್ಲ; ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ನಿಲ್ಲಿ, 108ಕ್ಕೆ ಫೋನ್ ಮಾಡಿ.